ರಾತ್ರಿ ಊಟಕ್ಕೆ ಏನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆ ಮಾತು ಬಂದಾಗ ನೆಂಟರು, ಅಕ್ಕಪಕ್ಕದವರು, ಊರು ಬಿಟ್ಟು ಹೋದ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹಬ್ಬದಡುಗೆ ಇಲ್ಲಿಲ್ಲ, ಹೋಟೆಲ್ ರುಚಿಯೂ ಇಲ್ಲ. ದಿನಾ ರಾತ್ರಿ ಮನೆಯಲ್ಲಿ ಬಡಿಸುವ ಊಟದ ವಿಷಯ ಮಾತ್ರ. ಕಪ್ ಅಂದರೆ 200 ಮಿಲಿ ಹಿಡಿಯುವ ಲೋಟ. ಅಳತೆ ಮೂರು ಜನಕ್ಕೆ.

## ಈಗಷ್ಟೇ ಒಲೆ ಹಚ್ಚಿದವರಿಗೆ

ರಾತ್ರಿ ಏನ್ ಮಾಡ್ಲಿ ಅಂತ ಯೋಚನೆ ಮಾಡೋದ್ರಲ್ಲೇ ಎಂಟು ಗಂಟೆ ಆಗಿಬಿಡುತ್ತೆ. ಇದಕ್ಕೇನು ದಾರಿ?

ಏನು ಮಾಡಲಿ ಅಂತ ಯೋಚಿಸಬೇಡಿ, ಮನೆಯಲ್ಲಿ ಯಾವುದು ಕೆಡೋಕೆ ಬಂದಿದೆ ಅಂತ ನೋಡಿ. ಸೊಪ್ಪು ಬಾಡುತ್ತಿದ್ದರೆ ಬಸ್ಸಾರು. ಮೊಸರು ಹುಳಿಯಾಗಿದ್ದರೆ ಮಜ್ಜಿಗೆ ಹುಳಿ. ದಪ್ಪ ಬದನೆಕಾಯಿ ಒಂದು ಉಳಿದಿದ್ದರೆ ಅದನ್ನು ಸುಟ್ಟು ಗೊಜ್ಜು. ಬುಟ್ಟಿಯಲ್ಲಿ ಟೊಮೇಟೊ ಬಿಟ್ಟು ಬೇರೇನೂ ಇಲ್ಲ ಅಂದರೆ ತಿಳಿಸಾರು. ಅರ್ಧ ಪ್ರಶ್ನೆಗೆ ತರಕಾರಿ ಬುಟ್ಟಿಯೇ ಉತ್ತರ ಕೊಡುತ್ತದೆ.

ಉಳಿದ ಅರ್ಧ ಇನ್ನೂ ಸುಲಭ. ಅನ್ನವೋ ಮುದ್ದೆಯೋ ರೊಟ್ಟಿಯೋ ಒಂದು, ಅದರ ಜೊತೆಗೆ ಒಂದು, ಕೊನೆಗೆ ಮಜ್ಜಿಗೆ. ಅಷ್ಟಕ್ಕೇ ಊಟ ಆಯಿತು. ದಿನಾ ಹೊಸ ಅಡುಗೆ ಹುಡುಕುವುದಕ್ಕಿಂತ ನಾಲ್ಕು ಸಾರು ಕೈಗೆ ಹತ್ತುವ ಹಾಗೆ ಕಲಿತರೆ ವರ್ಷವೆಲ್ಲ ನಡೆಯುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ವಾರಕ್ಕೊಂದು ಪನೀರ್ ಪ್ರಯೋಗ ಮಾಡುವವರು ಬೇಜಾರು ಮಾಡಿಕೊಳ್ಳಬೇಡಿ.

ನಂಗೆ ಅಡುಗೆ ಏನೂ ಬರಲ್ಲ. ಮೊದಲು ಯಾವುದು ಕಲೀಲಿ?

ತಿಳಿಸಾರು. ಇದು ಬಂದರೆ ಉಪ್ಪು, ಹುಳಿ, ಖಾರದ ಲೆಕ್ಕ ನಾಲಿಗೆಗೆ ಬಂದ ಹಾಗೆ.

ಕಾಲು ಕಪ್ ತೊಗರಿಬೇಳೆಗೆ ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಸೌಟಿನಿಂದ ಚೆನ್ನಾಗಿ ಮಸೆದಿಡಿ. ಇನ್ನೊಂದು ಪಾತ್ರೆಗೆ ಹೆಚ್ಚಿದ ಎರಡು ಟೊಮೇಟೊ, ಗೋಲಿ ಗಾತ್ರದ ಹುಣಸೆಹಣ್ಣಿನ ರಸ, ಒಂದೂವರೆ ಚಮಚ ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ, ಎರಡು ಕಪ್ ನೀರು ಹಾಕಿ ಕುದಿಯಲು ಬಿಡಿ. ಹುಣಸೆ ಮತ್ತು ಪುಡಿಯ ಹಸಿ ವಾಸನೆ ಹೋಗೋಕೆ 8 ನಿಮಿಷ ಬೇಕು. ಟೊಮೇಟೊ ಸಿಪ್ಪೆ ಬಿಟ್ಟು ಸುರುಳಿಯಾಗುತ್ತದೆ, ಅದೇ ಗುರುತು. ಆಮೇಲೆ ಬೇಳೆಯನ್ನು ಇನ್ನೊಂದು ಕಪ್ ನೀರಿನ ಜೊತೆ ಸೇರಿಸಿ.

ಈಗ ಒಲೆ ಬಿಟ್ಟು ಅಲ್ಲಾಡಬೇಡಿ. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ತಿಳಿ ಹಳದಿ ನೊರೆ ಅಂಚಿನಿಂದ ನಡುವಿಗೆ ಸರಿಯುತ್ತದೆ. ಇಡೀ ಸಾರು ಉಬ್ಬಿ ಮೇಲೆ ಬಂದ ತಕ್ಷಣ ಉರಿ ಆರಿಸಿ. ಬೇಳೆ ಹಾಕಿದ ಮೇಲೂ ಗಳಗಳ ಕುದಿಸುತ್ತಾ ಇದ್ದರೆ ಘಮವೆಲ್ಲ ಹೊಗೆಯಾಡಿ ಹೋಗಿ ಬರೀ ಹುಳಿನೀರು ಉಳಿಯುತ್ತದೆ.

ಒಗ್ಗರಣೆಗೆ ತುಪ್ಪ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಇಂಗು. ಸಾಸಿವೆ ಚಟಪಟ ನಿಲ್ಲುವವರೆಗೆ ಕಾಯಿರಿ, ಸಿಡಿಯದ ಸಾಸಿವೆ ಕಹಿ. ಇಂಗು ಕೊನೆಗೆ, ಉರಿ ಆರಿಸಿದ ಮೇಲೆ.

ಕುಕ್ಕರ್ ಐದು ಸಲ ಕೂಗಿದ್ರೂ ಬೇಳೆ ಬೇಯಲ್ಲ. ಕುಕ್ಕರ್ ಹಾಳಾಗಿದೆಯಾ?

ಕುಕ್ಕರಿನ ತಪ್ಪು ಕಡಿಮೆ. ಮೊದಲು ನೀರು ನೋಡಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಬೇಳೆ ಮೆತ್ತಗಾಗಲು ಬಿಡುವುದಿಲ್ಲ. ನಲ್ಲಿ ತುದಿಯಲ್ಲಿ ಬಿಳಿ ಕರೆ ಕಟ್ಟುವ ಮನೆಗಳಲ್ಲಿ ಇದು ಮಾಮೂಲಿ. ಬೇಳೆಗೆ ಮಾತ್ರ ಆರ್‌ಒ ಫಿಲ್ಟರ್ ನೀರು ಹಾಕಿ ನೋಡಿ, ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಎರಡನೆಯದು ಹುಳಿ. ಬೇಳೆ ಬೇಯುವ ಮೊದಲೇ ಹುಣಸೆ ಅಥವಾ ಜಾಸ್ತಿ ಟೊಮೇಟೊ ಹಾಕಿದರೆ ಅದು ಮೆತ್ತಗಾಗುವುದು ತಡ. ಮೂರನೆಯದು ಹಳೇ ಬೇಳೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತದ್ದನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ. ಅಡುಗೆ ಸೋಡಾ ಹಾಕುವ ಅಭ್ಯಾಸ ಬೇಡ. ಬೇಳೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ, ಸಾರಿಗೆ ಸಾಬೂನಿನ ರುಚಿ ಬರುತ್ತದೆ.

ತೆರೆದ ಪಾತ್ರೆಯಲ್ಲಿ ಬೇಯಿಸುವವರಿಗೆ ಇನ್ನೊಂದು ಮಾತು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮಂಗಳೂರಿನ ಅಡುಗೆಯ ಹೊತ್ತನ್ನು ಇಲ್ಲಿ ಹಾಗೇ ನಂಬಬೇಡಿ. ಕುಕ್ಕರಿನೊಳಗೆ 120 ಡಿಗ್ರಿ ಹತ್ತಿರ ಹೋಗುವುದರಿಂದ ಈ ತೊಂದರೆ ಇಲ್ಲ.

ಸಾರಿನ ಪುಡಿ ಮನೇಲೇ ಮಾಡ್ಲೇಬೇಕಾ? ಅಂಗಡೀದು ಆಗಲ್ವಾ?

ಆಗುತ್ತದೆ. ಸುಮ್ನೆ ಅದಕ್ಕೆ ನಾಚಿಕೊಳ್ಳಬೇಡಿ. ಆದರೆ ಸಣ್ಣ ಪ್ಯಾಕೆಟ್ ತನ್ನಿ. ಒಡೆದ ಪುಡಿಯ ಘಮ ದಿನದಿನಕ್ಕೆ ಇಳಿಯುತ್ತದೆ.

ಮನೆಯಲ್ಲಿ ಮಾಡುವುದಾದರೆ ಒಂದು ಕಪ್ ಧನಿಯಾ, ಮೂರು ಚಮಚ ಜೀರಿಗೆ, ಎರಡು ಚಮಚ ಕಾಳುಮೆಣಸು, ತಲಾ ಒಂದು ಚಮಚ ಮೆಂತ್ಯ ಮತ್ತು ಸಾಸಿವೆ, ಹಿಡಿ ಕರಿಬೇವು, ಇಪ್ಪತ್ತೈದು ಬ್ಯಾಡಗಿ ಮೆಣಸಿನಕಾಯಿ. ಖಾರ ಬೇಕಾದವರು ಐದಾರು ಗುಂಟೂರು ಸೇರಿಸಿ. ಬ್ಯಾಡಗಿ ಕೊಡುವುದು ಬಣ್ಣ, ಖಾರ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಎಲ್ಲವನ್ನೂ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹುರಿದರೆ ಧನಿಯಾ ಬಿಸಿಯಾಗುವಷ್ಟರಲ್ಲಿ ಜೀರಿಗೆ ಕಪ್ಪಾಗಿರುತ್ತದೆ.

## ದಿನದ ಪಾಡು

ಆಫೀಸಿಂದ ಬಂದು ಇಪ್ಪತ್ತು ನಿಮಿಷದಲ್ಲಿ ಆಗೋದು ಏನಾದ್ರೂ ಹೇಳಿ. ಮ್ಯಾಗಿ ಬೇಡ.

ಅನ್ನಕ್ಕೆ ಇಟ್ಟು, ಅದು ಆಗುವುದರೊಳಗೆ ತಂಬುಳಿ ಮಾಡಿ. ಮಲೆನಾಡಿನ ಮನೆಗಳಲ್ಲಿ ಇದು ದಿನದ ಅಡುಗೆ, ಪೇಟೆಯವರಿಗೆ ಯಾಕೋ ಮರೆತೇ ಹೋಗಿದೆ. ಅರ್ಧ ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿಯಿರಿ. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಕಹಿ. ಕಾಲು ಕಪ್ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಕಪ್ ಕಡೆದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಒಗ್ಗರಣೆ ಕೊಡಿ. ಕುದಿಸುವ ಕೆಲಸವೇ ಇಲ್ಲ. ಮೆಂತ್ಯದ ಬದಲು ದೊಡ್ಡಪತ್ರೆ, ಒಂದೆಲಗ, ದಾಳಿಂಬೆ ಸಿಪ್ಪೆ, ಶುಂಠಿ ಯಾವುದಾದರೂ ಆಗುತ್ತದೆ. ಎಲೆಗಳನ್ನು ಮೊದಲು ತುಪ್ಪದಲ್ಲಿ ಬಾಡಿಸಿಕೊಳ್ಳಿ.

ಬಿಸಿಯದೇ ಬೇಕು ಅನ್ನುವವರಿಗೆ ಹೆಸರುಬೇಳೆ ತೊವ್ವೆ. ಇದಕ್ಕೆ ನೆನೆಸುವುದು, ಕುಕ್ಕರ್ ಎರಡೂ ಬೇಡ. ಘಂ ಅನ್ನುವಷ್ಟು ಹುರಿದು ನೀರಿಗೆ ಹಾಕಿದರೆ ತೆರೆದ ಪಾತ್ರೆಯಲ್ಲೇ 20 ನಿಮಿಷಕ್ಕೆ ಬೇಯುತ್ತದೆ. ಶುಂಠಿ, ಹಸಿಮೆಣಸಿನಕಾಯಿ, ಒಂದು ಹಿಡಿ ತೆಂಗಿನತುರಿ. ಉರಿ ಆರಿಸಿದ ಮೇಲೆ ನಿಂಬೆಹಣ್ಣು.

ಒಬ್ಬಳೇ ಇರೋದು. ಒಬ್ಬಳಿಗೋಸ್ಕರ ಅಡುಗೆ ಮಾಡೋಕೆ ಮನಸ್ಸೇ ಬರಲ್ಲ.

ಒಬ್ಬರಿಗೆ ಅಡುಗೆ ಮಾಡುವುದು ಬೇಜಾರಲ್ಲ, ಆಮೇಲೆ ತೊಳೆಯುವ ಪಾತ್ರೆ ಬೇಜಾರು. ಸಣ್ಣ ಕುಕ್ಕರಿನಲ್ಲಿ ಎರಡು ಬಟ್ಟಲು ಒಂದರ ಮೇಲೊಂದಿಟ್ಟು ಅನ್ನ, ಬೇಳೆ ಒಟ್ಟಿಗೆ ಬೇಯಿಸಿ. ಭಾನುವಾರ ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ನಡೆಯುತ್ತದೆ. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಇರಲಿ. ಬಿಸಿ ಅನ್ನ, ತುಪ್ಪ, ಚಟ್ನಿಪುಡಿ, ಮೊಸರು. ಇದನ್ನು ಊಟ ಅಲ್ಲ ಅನ್ನುವವರ ಮಾತು ಕೇಳಬೇಡಿ.

ಮಧ್ಯಾಹ್ನದ ಅನ್ನ ಉಳಿದಿದೆ. ಚಿತ್ರಾನ್ನ ಬಿಟ್ಟು ಬೇರೇನಾದ್ರೂ?

ಅಕ್ಕಿ ರೊಟ್ಟಿಗೆ ಹಾಕಿ. ಒಂದು ಕಪ್ ಅನ್ನವನ್ನು ಚೆನ್ನಾಗಿ ಹಿಸುಕಿ, ಒಂದೂವರೆ ಕಪ್ ಅಕ್ಕಿಹಿಟ್ಟು, ಈರುಳ್ಳಿ, ಸಬ್ಬಸಿಗೆ, ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ಕಲಸಿದರೆ ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತದೆ. ಮೊಸರನ್ನಕ್ಕೂ ಉಳಿದ ಅನ್ನವೇ ಸರಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿ ಮಧ್ಯಾಹ್ನದಿಂದ ರಾತ್ರಿವರೆಗೆ ಹೊರಗೆ ಬಿಡಬೇಡಿ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಬಸ್ಸಾರು ಮಾಡಿದ್ರೆ ಪಲ್ಯನೂ ಆಗುತ್ತಂತೆ. ಹೇಗೆ?

ಹೌದು, ಅದೇ ಅದರ ಚಂದ. ಮಂಡ್ಯ, ಹಾಸನ, ಮೈಸೂರು ಕಡೆಯ ಜಾಣ ಅಡುಗೆ ಇದು. ಅರ್ಧ ಕಪ್ ಹೆಸರುಕಾಳನ್ನು ನಾಲ್ಕು ಕಪ್ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಹೆಚ್ಚಿದ ಎರಡು ಕಟ್ಟು ಸಬ್ಬಸಿಗೆ ಅಥವಾ ದಂಟಿನ ಸೊಪ್ಪು, ಉಪ್ಪು ಹಾಕಿ. ಕಾಳು ಬೆಂದು ಸೊಪ್ಪು ಮೆತ್ತಗಾದಾಗ ನೀರು ಬಸಿದುಕೊಳ್ಳಿ. ಬಸಿದ ಆ ನೀರೇ ಕಟ್ಟು. ಅದು ಸಾರಿಗೆ, ಉಳಿದದ್ದು ಪಲ್ಯಕ್ಕೆ.

ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಕಾಳುಮೆಣಸನ್ನು ಎಣ್ಣೆಯಲ್ಲಿ ಬಾಡಿಸಿ. ಎರಡು ಚಮಚ ಸಾರಿನ ಪುಡಿ, ಕಾಲು ಕಪ್ ತೆಂಗಿನತುರಿ, ಸ್ವಲ್ಪ ಹುಣಸೆಹಣ್ಣು, ಬೆಂದ ಸೊಪ್ಪು-ಕಾಳು ಒಂದು ಹಿಡಿ ಸೇರಿಸಿ ರುಬ್ಬಿ. ಈ ಕೊನೆಯ ಹಿಡಿಯನ್ನು ಬಿಟ್ಟವರ ಬಸ್ಸಾರು ನೀರಾಗಿಯೇ ಉಳಿಯುತ್ತದೆ. ಕಟ್ಟಿಗೆ ಹಾಕಿ ಹತ್ತು ನಿಮಿಷ ಕುದಿಸಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡಿ. ಉಳಿದ ಸೊಪ್ಪು-ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ತೆಂಗಿನತುರಿ. ಬಸ್ಸಾರು ಮಾರನೇ ದಿನ ಇನ್ನೂ ರುಚಿ, ಹಾಗಾಗಿ ಸ್ವಲ್ಪ ಜಾಸ್ತಿಯೇ ಮಾಡಿ.

ರುಬ್ಬುವಷ್ಟೂ ಪುರಸೊತ್ತಿಲ್ಲವಾ? ಕಟ್ಟನ್ನು ಹಾಗೇ ಬಡಿಸಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆ, ಉಪ್ಪು ಅರೆದ ಖಾರವನ್ನು ತಟ್ಟೆಯಲ್ಲೇ ಬೆರೆಸಿಕೊಂಡರೆ ಅದು ಉಪ್ಸಾರು.

ಮಕ್ಕಳು ಸೊಪ್ಪು ಅಂದ್ರೆ ಮುಖ ತಿರುಗಿಸ್ತಾರೆ. ಏನ್ ಮಾಡೋದು?

ಅಕ್ಕಿ ರೊಟ್ಟಿ, ದೋಸೆ, ತೊವ್ವೆಯಲ್ಲಿ ಸಣ್ಣಗೆ ಹೆಚ್ಚಿ ಹಾಕಿ. ಖಾರ ಕಡಿಮೆ, ತುಪ್ಪ ಧಾರಾಳ. ಮತ್ತೆ, ತಟ್ಟೆ ಮುಂದೆ ಜಗಳ ಬೇಡ.

ರಾತ್ರಿ ಮೊಸರು ತಿನ್ನಬಾರದು ಅಂತಾರೆ, ನಿಜಾನಾ?

ಆಯುರ್ವೇದದಲ್ಲಿ ಹಾಗೆ ಹೇಳಿದ್ದಾರೆ, ಚರಕ ಸಂಹಿತೆಯಲ್ಲೂ ಈ ಮಾತಿದೆ. ನಮ್ಮ ಮನೆಗಳಲ್ಲಿ ಅದಕ್ಕೇ ರಾತ್ರಿ ಮಜ್ಜಿಗೆ. ನಿಮಗೆ ಮೊಸರನ್ನ ತಿಂದು ಏನೂ ತೊಂದರೆ ಆಗದಿದ್ದರೆ ನಾನಂತೂ ಬೇಡ ಅನ್ನುವುದಿಲ್ಲ.

ಜ್ವರ ಬಂದು ಬಾಯಿ ಕೆಟ್ಟಿದೆ. ಏನು ಮಾಡಿಕೊಡ್ಲಿ?

ಮೆಣಸು-ಜೀರಿಗೆ ಸಾರು. ತಲಾ ಒಂದು ಚಮಚ ಕಾಳುಮೆಣಸು ಮತ್ತು ಜೀರಿಗೆ, ಐದು ಎಸಳು ಬೆಳ್ಳುಳ್ಳಿ ತರಿತರಿಯಾಗಿ ಜಜ್ಜಿ. ಹುಣಸೆ ರಸ, ಉಪ್ಪು, ಎರಡೂವರೆ ಕಪ್ ನೀರಿನ ಜೊತೆ ಐದಾರು ನಿಮಿಷ ಕುದಿಸಿ ತುಪ್ಪದ ಒಗ್ಗರಣೆ ಕೊಡಿ. ಮೆತ್ತಗಿನ ಅನ್ನಕ್ಕೆ ಕಲಸಿ, ಇಲ್ಲವೇ ಲೋಟಕ್ಕೆ ಹಾಕಿ ಕೊಡಿ.

ಕರಾವಳಿಯವರಾದರೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಹಪ್ಪಳ ಸುಟ್ಟದ್ದು. ಕುಚ್ಚಲಕ್ಕಿ ಬೇಯೋಕೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕಾಗುತ್ತದೆ, ಮೊದಲೇ ಇಟ್ಟುಬಿಡಿ. ಭೇದಿ ಆಗುತ್ತಿದ್ದರೆ ಗಂಜಿ ಒಂದನ್ನೇ ನಂಬಬೇಡಿ. ಓಆರ್‌ಎಸ್ ಕೊಡಿ, ಕಡಿಮೆಯಾಗದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

## ಕೈ ಪಳಗಿದವರಿಗೆ

ಮುದ್ದೆ ಮಾಡಿದಾಗೆಲ್ಲ ಗಂಟು. ಎಲ್ಲಿ ತಪ್ಪುತ್ತಿದೆ?

ಹಿಟ್ಟು ಹಾಕಿದ ತಕ್ಷಣ ತಿರುವುತ್ತಿದ್ದೀರಿ. ಮೂರು ಕಪ್ ನೀರಿಗೆ ಒಂದೂವರೆ ಕಪ್ ರಾಗಿಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ. ಅದು ಕುದಿದು ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಮುಟ್ಟಬೇಡಿ. ಉರಿ ಸಣ್ಣಗೆ ಮಾಡಿ ಅರ್ಧ ಮುಚ್ಚಿಡಿ. ಗುಡ್ಡೆಯ ಸುತ್ತ ಗುಳ್ಳೆ ಏಳುತ್ತಾ, ಹಿಟ್ಟಿನ ಮಧ್ಯೆ ಅಲ್ಲಲ್ಲಿ ಬಿರುಕು ಬಿಟ್ಟು ನೀರು ಪುಸ್ ಅಂತ ಮೇಲೆ ಬರುತ್ತದೆ. ಐದಾರು ನಿಮಿಷ ಹಾಗೇ ಬೇಯಲಿ.

ಆಮೇಲೆ ಮುದ್ದೆ ಕೋಲನ್ನು ನಡುವಿಗೆ ಇಳಿಸಿ, ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಸುತ್ತಿಸಿದರೆ ಸಾಲದು, ಒತ್ತಬೇಕು. ಗಂಟು ಒಡೆಯುವುದು ಅಲ್ಲೇ. ಹಿಟ್ಟಿನ ಬಣ್ಣ ಕಡುಕಂದಾಗಿ ಹೊಳಪು ಬಂದ ಮೇಲೆ ಮತ್ತೆ ಎರಡು ನಿಮಿಷ ಮುಚ್ಚಿ. ಒದ್ದೆ ಕೈಯಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಒದ್ದೆ ತಟ್ಟೆಗೆ ಹಾಕಿ ಬಿಸಿ ಇದ್ದಾಗಲೇ ಕಟ್ಟಿ. ಹಿಟ್ಟು ಬೇಯದೆ ಕಟ್ಟಿದ ಮುದ್ದೆ ಹಲ್ಲಿಗೆ ಅಂಟುತ್ತದೆ, ಗಂಟಲಲ್ಲಿ ಜಾರುವುದಿಲ್ಲ.

ಮನೇಲಿ ಶುಗರ್ ಇರೋರಿದ್ದಾರೆ. ಅನ್ನ ಬಿಟ್ಟು ಮುದ್ದೆ ಕೊಟ್ರೆ ಸಾಕಾ?

ಅಷ್ಟಕ್ಕೇ ಸಾಕಾಗುವುದಿಲ್ಲ. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ 100 ಗ್ರಾಮಿಗೆ 340 ಮಿಲಿಗ್ರಾಂ ಮೇಲೆ. ಆದರೆ ಪಿಷ್ಟವೂ ಧಾರಾಳ ಇದೆ. ನುಣ್ಣನೆ ಹಿಟ್ಟಿನ ದೊಡ್ಡ ಮುದ್ದೆ ಎರಡು ತಿಂದರೆ ಶುಗರ್ ಏರಿಯೇ ಏರುತ್ತದೆ. ಮುದ್ದೆ ಸಣ್ಣದಾಗಲಿ, ಸೊಪ್ಪು-ಕಾಳು ಪಲ್ಯ ತಟ್ಟೆಯ ಅರ್ಧ ತುಂಬಲಿ. ಅಳತೆಯನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಜೋಳದ ರೊಟ್ಟಿ ಬಡಿಯುವಾಗ ಅಂಚು ಒಡೆದು ಹೋಗುತ್ತೆ.

ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಹಿಟ್ಟು ಹಿಡಿದುಕೊಳ್ಳಬೇಕಾದರೆ ಬಿಸಿನೀರಿನಿಂದ ಅದರ ಪಿಷ್ಟ ಅರಳಬೇಕು. ಕುದಿಯುವ ಎಸರನ್ನೇ ಹಿಟ್ಟಿನ ನಡುವೆ ಹಾಕಿ, ಕೋಲಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಚೆನ್ನಾಗಿ ನಾದಿ. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ನಾದಿಕೊಳ್ಳಬೇಕು, ನಾದಿ ಇಟ್ಟ ಹಿಟ್ಟು ಒಣಗುತ್ತದೆ. ಇಷ್ಟಾದರೂ ಒಡೆದರೆ ಹಿಟ್ಟು ಹಳೆಯದು, ಜಿಗಿ ಹೋಗಿದೆ. ಗಿರಣಿಯಿಂದ ಹೊಸದಾಗಿ ಬೀಸಿಸಿಕೊಂಡು ಬನ್ನಿ.

ಹಂಚಿಗೆ ಹಾಕಿದ ಮೇಲೆ ಹಿಟ್ಟು ಹತ್ತಿದ ಬದಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುವ ಮುಂಚೆ ತಿರುವಿ. ತಡ ಮಾಡಿದರೆ ಅಲ್ಲೇ ಬಿರುಕು. ಜೊತೆಗೆ ಬೆಳ್ಳುಳ್ಳಿ ಹಾಕಿದ ಝುಣಕ, ಹಸಿ ಈರುಳ್ಳಿ ಸಾಕು.

ಬಿಸಿಬೇಳೆಬಾತ್ ಅರ್ಧ ಗಂಟೆಗೆ ಗಟ್ಟಿ ಆಗಿಬಿಡುತ್ತೆ.

ಒಲೆಯಿಂದ ಇಳಿಸುವಾಗ ಅದು ತಟ್ಟೆಯಲ್ಲಿ ಹರಿಯಬೇಕು. ಅನ್ನ, ಬೇಳೆ ಎರಡೂ ಕೂತಲ್ಲೇ ನೀರು ಕುಡಿಯುತ್ತವೆ. ಅಕ್ಕಿ, ತೊಗರಿಬೇಳೆ ಸಮಸಮ ಇರಲಿ. ಬಡಿಸುವ ಮುಂಚೆ ಕುದಿಯುವ ನೀರು ಸೇರಿಸಿ ಸಡಿಲ ಮಾಡಿ, ಉಪ್ಪು ನೋಡಿಕೊಳ್ಳಿ.

ಮಜ್ಜಿಗೆ ಹುಳಿ ಒಡೆದು ನೀರು ಬೇರೆ, ಮೊಸರು ಬೇರೆ ಆಗುತ್ತೆ. ಯಾಕೆ?

ಮಜ್ಜಿಗೆ ಹಾಕಿದ ಮೇಲೆ ಕುದಿಸಿದ್ದೀರಿ. ನೆನೆಸಿದ ಎರಡು ಚಮಚ ಕಡಲೆಬೇಳೆಯನ್ನು ತೆಂಗಿನತುರಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ, ಕೊತ್ತಂಬರಿ ಸೊಪ್ಪಿನ ಜೊತೆ ರುಬ್ಬಿ. ಬೆಂದ ಬೂದುಗುಂಬಳಕ್ಕೆ ಇದನ್ನು ಹಾಕಿ ಹಸಿ ವಾಸನೆ ಹೋಗುವಷ್ಟು ಕುದಿಸಿಬಿಡಿ. ಕಡಲೆಬೇಳೆಯ ಪಿಷ್ಟವೇ ಮೊಸರು ಒಡೆಯದ ಹಾಗೆ ಹಿಡಿದುಕೊಳ್ಳುವುದು. ಕೊನೆಗೆ ಉರಿ ಸಣ್ಣಗೆ ಮಾಡಿ ಚೆನ್ನಾಗಿ ಕಡೆದ ಮೊಸರು ಸೇರಿಸಿ ಕೈಯಾಡಿಸುತ್ತಾ ಇರಿ, ಅಂಚಿನಲ್ಲಿ ಒಂದು ಗುಳ್ಳೆ ಕಂಡರೆ ಆರಿಸಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗೂ ಇದು ಒಳ್ಳೆಯ ರಾತ್ರಿ ಊಟ. ಇಂಗು ಮಾತ್ರ ಮರೆಯಬೇಡಿ.

ನಾವು ಅಮೆರಿಕದಲ್ಲಿದ್ದೀವಿ. ಅವರೆಕಾಳು, ದಂಟಿನ ಸೊಪ್ಪು ಸಿಗಲ್ಲ. ಬದಲಿಗೆ ಏನು ಹಾಕ್ಲಿ?

ಇಂಡಿಯನ್ ಸ್ಟೋರಿನ ಫ್ರೀಜರ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಗುಜರಾತಿ ಹೆಸರಿನ ಪ್ಯಾಕೆಟ್ ಹುಡುಕಿ. ಅದು ಅವರೆಕಾಳಿನ ಬಳಗದ್ದೇ. ಬೆಂಗಳೂರಿನ ಡಿಸೆಂಬರ್ ಸೊಗಡು ಅದರಲ್ಲಿ ಸಿಗುವುದಿಲ್ಲ, ಆದರೆ ಉಪ್ಪಿಟ್ಟು, ಸಾರು ಎರಡಕ್ಕೂ ಆಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಹಿತುಕಿದರೆ ಸಿಪ್ಪೆಯೂ ಬರುತ್ತದೆ.

ಬಸ್ಸಾರಿಗೆ ಪಾಲಕ್ ಮತ್ತು ಕೇಲ್ ಅರ್ಧ ಅರ್ಧ ಹಾಕಿ. ಬರೀ ಪಾಲಕ್ ಹಾಕಿದರೆ ಸೊಪ್ಪು ಕರಗಿ ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ತೆಂಗಿನತುರಿ ಫ್ರೀಜರಿನದ್ದು ಆಗುತ್ತದೆ, ಆದರೆ ಪೂರ್ತಿ ಕರಗಿದ ಮೇಲೇ ರುಬ್ಬಿ. ದೊಡ್ಡಪತ್ರೆಯನ್ನು ಅಲ್ಲಿನ ನರ್ಸರಿಗಳಲ್ಲಿ ಕ್ಯೂಬನ್ ಓರೆಗಾನೊ ಅಂತ ಮಾರುತ್ತಾರೆ. ಕಡ್ಡಿ ನೆಟ್ಟರೆ ಕುಂಡದಲ್ಲೇ ಬೆಳೆಯುತ್ತದೆ, ಚಳಿಗಾಲದಲ್ಲಿ ಒಳಗೆ ಕಿಟಕಿ ಪಕ್ಕ ಇಡಿ. ಒಣಮೆಣಸಿನಕಾಯಿ ಒಗ್ಗರಣೆಗೆ ಮುಂಚೆ ಚಿಮಣಿ ಹಾಕಿ, ಇಲ್ಲದಿದ್ದರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ. ಕರೆಂಟಿನ ಕಾಯಿಲ್ ಒಲೆ ಇರುವವರು ಸಾರು ಉಕ್ಕಿದಾಗ ಉರಿ ಆರಿಸಿದರೆ ಸಾಲದು, ಪಾತ್ರೆಯನ್ನೇ ಪಕ್ಕಕ್ಕೆ ಇಳಿಸಬೇಕು. ಬಿಸಿ ಕಾಯಿಲ್ ಮೇಲೆ ಅದು ಕುದಿಯುತ್ತಲೇ ಇರುತ್ತದೆ.